ಪ್ಲೈವುಡ್ಡಿನ ಆಚೆಯ ಕೆಮ್ಮು

ಪಿರಿಯಾಪಟ್ಟಣದಲ್ಲಿರುವ ನನ್ನ ಗೆಳೆಯನ ಬಾರಿನಲ್ಲಿ ಜನ ಪಿಸುಮಾತಿನಲ್ಲಿ ಮಾತಾಡತೊಡಗಿದ್ದು ಅವನು ಕ್ಯಾಬಿನ್ನುಗಳನ್ನು ಮಾಡಿಸಿದ ಮೇಲೆ. ಮೊದಲಿಗೆ ಅವನು ಅದನ್ನು ಒಳ್ಳೆಯ ಲಕ್ಷಣ ಎಂದೇ ತಿಳಿದ.

"ನೋಡ್ಲಾ, ಎಷ್ಟು ಡೀಸೆಂಟಾಗವ್ರೆ ಜನ" ಎಂದ, ಗಲ್ಲಾದ ಹಿಂದೆ ಕೂತು.

ನಾನು ಹುಣಸೂರಿನವನು. ಕೆಲಸದ ಮೇಲೆ ಆ ಕಡೆ ಹೋದಾಗಲೆಲ್ಲ ಅವನಲ್ಲಿ ಒಂದು ಗಳಿಗೆ ಕೂತು ಬರುವುದು ರೂಢಿ. ಅವನ ಅಪ್ಪನ ಕಾಲದ ಬಾರು ನನಗೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಶೀಟಿನ ಮಾಡು, ಒಂದೇ ಉದ್ದನೆಯ ಹಜಾರ, ಮುಖಕ್ಕೆ ಹೊಡೆಯುವ ಟ್ಯೂಬ್‌ಲೈಟು, ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ನೀಲಿ ಬಣ್ಣದವು ಎಂದು ಮೊದಲು ಬರೆದಿದ್ದೆ. ಗೆಳೆಯ ಕೆಂಪು ಎನ್ನುತ್ತಾನೆ. ಇಬ್ಬರಲ್ಲಿ ಒಬ್ಬರಿಗೆ ಮರೆತಿದೆ, ಅಥವಾ ಇಬ್ಬರಿಗೂ. ಅಲ್ಲಿ ಚೆಂದ ಅನ್ನುವಂಥದ್ದು ಏನೂ ಇರಲಿಲ್ಲ ಎಂಬುದರಲ್ಲಿ ಮಾತ್ರ ನಮಗೆ ಜಗಳವಿಲ್ಲ. ಆದರೂ ತಂಬಾಕಿನ ಹರಾಜು ಮುಗಿಸಿಕೊಂಡು ಮಧ್ಯಾಹ್ನ ಬಂದವರು ಎದ್ದು ಹೋಗಲು ಮನಸ್ಸಿಲ್ಲದೆ ಕೂತಿರುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಗೆಳೆಯ ಹಜಾರವನ್ನು ಒಡೆದು ಕಟ್ಟಿಸಿದ. ಆಳೆತ್ತರದ ಪ್ಲೈವುಡ್ ಅಡ್ಡ ನಿಲ್ಲಿಸಿ ಎರಡೂ ಬದಿಗೆ ಪುಟ್ಟ ಪುಟ್ಟ ಕ್ಯಾಬಿನ್ನು. ನಡುವೆ ಒಬ್ಬರು ಓಡಾಡುವಷ್ಟು ದಾರಿ. ಒಂದೊಂದಕ್ಕೂ ಪರದೆ, ಒಳಗೆ ಮಂಕು ದೀಪ, ಮೂಲೆಯಲ್ಲಿ ಹಾಡಿನ ಸ್ಪೀಕರು. ಅವನ ತರ್ಕದಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆ ಎಲ್ಲರೂ ಎಲ್ಲರಿಗೂ ನೆಂಟರು. ಹನಗೋಡಿನಿಂದ ಹಿಡಿದು ಕೊಡಗಿನ ಗಡಿಯವರೆಗೆ ಯಾವ ಮೇಜಿಗೆ ಹೋಗಿ ಕೂತರೂ ಪಕ್ಕದಲ್ಲಿ ಹೆಣ್ಣು ಕೊಟ್ಟವರೋ ತಂದವರೋ ಇರುತ್ತಾರೆ.

"ಕುಡಿಯೋನ್ಗೆ ಮರೆ ಬೇಕು ಕಣ್ಲಾ. ಮೈಸೂರಲ್ಲೆಲ್ಲಾ ಅಂಗೇ" ಎಂದಿದ್ದ.

ಅಪ್ಪನ ಹಜಾರದಲ್ಲೂ ಮರೆ ಇತ್ತು. ಅದನ್ನು ಬಡಗಿ ಮಾಡಿರಲಿಲ್ಲ ಅಷ್ಟೆ. ಹಿರಿಯರಾದವರು ಬಾಗಿಲ ಹೊರಗೇ ನಿಂತು ಒಮ್ಮೆ ಜೋರಾಗಿ ಕೆಮ್ಮುತ್ತಿದ್ದರು. ಚಪ್ಪಲಿಯ ಮಣ್ಣು ಕೊಡವುವ ನೆಪದಲ್ಲಿ ಸ್ವಲ್ಪ ತಡ ಮಾಡುತ್ತಿದ್ದರು. ಅಷ್ಟರಲ್ಲಿ ಒಳಗಿದ್ದ ಅಳಿಯನೋ ತಮ್ಮನ ಮಗನೋ ಲೋಟ ಹಿಡಿದುಕೊಂಡೇ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದ. ಹಿರಿಯರು ಟಿವಿ ನೋಡುತ್ತ ನಡೆದು ಬಂದು ಅವನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಅಲ್ಲಿಗೆ ಮುಗಿಯಿತು. ಅವರು ಒಬ್ಬರನ್ನೊಬ್ಬರು ನೋಡಿಲ್ಲ ಎಂಬುದನ್ನು ಇಡೀ ಹಜಾರ ಒಪ್ಪಿಕೊಳ್ಳುತ್ತಿತ್ತು. ಆಮೇಲೆ ಯಾರೋ ಹೇಳಿದ ತಮಾಷೆಗೆ ಆ ಎರಡೂ ಬೆನ್ನುಗಳು ಒಟ್ಟಿಗೇ ಕುಲುಕುತ್ತಿದ್ದವು.

ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ನೋಡಿ ನೋಡಿ ಕಣ್ಣಿಗೆ ಕಾಣದ ಹಾಗೆ ಆಗಿತ್ತು.

ಕ್ಯಾಬಿನ್ನಿನ ಹೊಸತನ ಕಳೆಯುತ್ತಿದ್ದಂತೆ ಜನ ತೆಳುವಾದರು. ಬಂದವರೂ ಬೇಗ ಬೇಗ ಕುಡಿದು, ಪರದೆ ಸರಿಸಿ ಎರಡೂ ಕಡೆ ನೋಡಿ, ಹೊರಟುಬಿಡುತ್ತಿದ್ದರು. ಆ ಹೊತ್ತಿಗೆ ಮೈಸೂರಿನ ಕಂಟ್ರಾಕ್ಟರ್ ಒಬ್ಬ ಬಾರನ್ನು ಲೀಸಿಗೆ ಕೊಡಿ ಎಂದು ಬೆನ್ನುಬಿದ್ದ. ಗೆಳೆಯನಿಗೆ ಬೇರೆ ಕಸುಬು ಗೊತ್ತಿಲ್ಲ. ಗೊತ್ತಿದ್ದರೂ ಅವನಿಗೆ ಬೇಕಿರಲಿಲ್ಲ. ನಾಲ್ಕು ಜನರ ಗದ್ದಲದ ನಡುವೆ ಕೂರುವುದೇ ಅವನ ಬದುಕು. ಅದು ಹೋದರೆ ಮನೆಯಲ್ಲಿ ಕೂತು ಏನು ಮಾಡುತ್ತಾನೋ ನನಗೆ ಊಹಿಸಲೂ ಆಗುತ್ತಿರಲಿಲ್ಲ.

"ಮಾರ್ಕೆಟ್ ಶುರುವಾದ್ ಮೇಲೂ ಹಿಂಗೇ ಇದ್ರೆ ಕೊಟ್ಬುಡ್ತೀನಿ" ಎಂದ. ಮಾರ್ಕೆಟ್ ಎಂದರೆ ತಂಬಾಕಿನ ಹರಾಜು. ಆಗಲೂ ತುಂಬದ ಬಾರು ಪಿರಿಯಾಪಟ್ಟಣದಲ್ಲಿ ಇನ್ನು ಯಾವಾಗಲೂ ತುಂಬುವುದಿಲ್ಲ.

ಬೇರೆಯವರು ಹೇಗೆ ನಡೆಸುತ್ತಾರೆ ನೋಡೋಣ ಎಂದು ಇಬ್ಬರೂ ಬೈಕಿನಲ್ಲಿ ಸುತ್ತಿದೆವು. ಕೆ.ಆರ್. ನಗರದ ಒಂದು ಬಾರಿನಲ್ಲಿ ಟಿವಿಗೆ ದನಿಯೇ ಇರಲಿಲ್ಲ. ಕ್ರಿಕೆಟ್ಟಿನ ಕಾಮೆಂಟರಿಯನ್ನು ಜನರೇ ಹೇಳಿಕೊಳ್ಳುತ್ತಿದ್ದರು, ಬೈಗುಳದ ಸಮೇತ. ಎಚ್.ಡಿ. ಕೋಟೆಯಲ್ಲಿ ಮಾಲೀಕ ಬಂದವರನ್ನೆಲ್ಲ ಊರಿನ ಹೆಸರು ಹಿಡಿದು ಮಾತಾಡಿಸುತ್ತಿದ್ದ. ನಾವು ವಾಪಸು ಬಂದು ಸ್ಪೀಕರಿನ ದನಿ ತಗ್ಗಿಸಿದೆವು, ದೀಪದ ಬಣ್ಣ ಬದಲಿಸಿದೆವು. ಪಿಸುಮಾತು ಮೊದಲಿಗಿಂತ ಸ್ಪಷ್ಟವಾಗಿ ಕೇಳತೊಡಗಿತು. ಗೆಳೆಯ ಗಾಬರಿಯಾಗಿ ಹಾಡನ್ನು ಮತ್ತೆ ಜೋರು ಮಾಡಿದ.

ಮುಂದಿನದನ್ನು ನಾನು ಕಣ್ಣಾರೆ ಕಂಡವನಂತೆ ಎಷ್ಟೋ ಕಡೆ ಹೇಳಿದ್ದೇನೆ. ಗೆಳೆಯನ ಪ್ರಕಾರ ನಾನು ಬಂದದ್ದು ಎಲ್ಲ ಮುಗಿದ ಮೇಲೆ. ಆದರೆ ಅವತ್ತು ಕೈಯಲ್ಲಿ ಹಿಡಿದಿದ್ದ ಬೋಟಿ ಫ್ರೈ ತಟ್ಟೆಯ ಬಿಸಿ ನನಗೆ ನೆನಪಿದೆ. ಅದು ಬೇರೆ ದಿನದ ತಟ್ಟೆಯೂ ಇರಬಹುದು. ನಾನು ಅಲ್ಲಿದ್ದೆ ಎಂದೇ ಹೇಳುತ್ತೇನೆ, ನೀವು ಬೇಕಾದರೆ ನನ್ನನ್ನು ತೆಗೆದುಹಾಕಿ ಓದಿಕೊಳ್ಳಬಹುದು.

ಮಾರ್ಕೆಟ್ ಶುರುವಾಗಿತ್ತು. ಮಧ್ಯಾಹ್ನ ಕ್ಯಾಬಿನ್ನುಗಳು ಅರ್ಧಕ್ಕರ್ಧ ತುಂಬಿದ್ದವು. ಹನಗೋಡಿನ ಕಡೆಯ ಒಬ್ಬ ಮದುವೆಯಾದ ಗಂಡಸು ಸ್ನೇಹಿತನ ಜೊತೆ ಒಂದರಲ್ಲಿ ಕೂತು, ಹಾಡಿನ ಅಬ್ಬರದ ಮರೆಯಲ್ಲಿ ತನ್ನ ಸಂಕಟ ಹೇಳಿಕೊಳ್ಳುತ್ತಿದ್ದ. ಕರೆಂಟು ಹೋಯಿತು. ಹಾಡು ನಿಂತಿತು. ಅವನ ಮಾತು ನಿಲ್ಲಲಿಲ್ಲ.

"ನಮ್ಮಾವ ಎಣ್ ಕೊಟ್ಟವ್ನೆ ಸರಿ. ಎಲೆ ಬೇಯ್ಸೋ ಬ್ಯಾರನ್ನೂ ಅವ್ನೇ ಕೊಟ್ಟಿರೋ ಅಂಗೆ ಆಡ್ತಾನೆ. ನಾನು ಒಲೆಗೆ ಸೌದೆ ಹಾಕುದ್ರೆ ಹಿಂದ್ಲಿಂದ ಬಂದು ತೆಗೀತಾನೆ. ತಂಬಾಕು ಬೇಯ್ಸಕ್ಕೆ ನಂಗ್ ಬರಾಕಿಲ್ವಾ?"

ಪ್ಲೈವುಡ್ಡಿನ ಆಚೆ ಯಾರೋ ಕೆಮ್ಮಿದರು.

ಅವನ ಮಾವ. ಹಳೆಯ ಹಜಾರವಾಗಿದ್ದರೆ ಬಾಗಿಲಲ್ಲೇ ಕೆಮ್ಮಿರುತ್ತಿದ್ದರು, ಇವನು ಗೋಡೆಗೆ ತಿರುಗಿರುತ್ತಿದ್ದ, ಇಂಥ ಮಾತು ಹುಟ್ಟುತ್ತಲೇ ಇರಲಿಲ್ಲ. ಪರದೆ ಇರುವ ಕಡೆ ಯಾರಿಗೆಂದು ಕೆಮ್ಮುವುದು? ಅವರು ಸುಮ್ಮನೆ ಬಂದು ಕೂತಿದ್ದರು.

ಯಾವ ಕ್ಯಾಬಿನ್ನಿನಲ್ಲೂ ಲೋಟದ ಸದ್ದಿಲ್ಲ. ಇನ್ನು ಅಳಿಯ ಹೊರಗೆ ಬರಬೇಕೆಂದರೆ ಮಾವನ ಪರದೆಯ ಮುಂದೆಯೇ ಹಾಯಬೇಕು. ಮುಂಬಾಗಿಲಲ್ಲಿ ಊರಿನವರು ನಿಂತಿದ್ದರು; ಅವರ ಕಣ್ಣು ತಪ್ಪಿಸಿ ಮಾವ ಅಡುಗೆಮನೆಯ ಬಾಗಿಲಿಂದ ಹೋಗಬೇಕೆಂದರೆ ಅಳಿಯನ ಪರದೆಯ ಮುಂದೆ ಹಾಯಬೇಕು. ಗೆಳೆಯನ ಫೋನಿಗೆ ಅಳಿಯನಿಂದ ಮೆಸೇಜು ಬಂತು: ಹಿಂದ್ಗಡೆ ಬಾಗ್ಲು ಐತಾ ಅಣ್ಣಾ. ಅದಕ್ಕೆ ಉತ್ತರ ಬರೆಯುವ ಮೊದಲೇ ಮಾವನ ಕೈ ಪರದೆಯಿಂದ ಹೊರಗೆ ಬಂದು ಗೆಳೆಯನನ್ನು ಕರೆಯಿತು.

"ಯಜಮಾನ್ರೇ, ಅಡಿಗೆ ಮನೆ ಕಡೆಯಿಂದ ದಾರಿ ಐತಾ?"

"ಐತೆ ಗೌಡ್ರೇ. ಆದ್ರೆ ಅವ್ರ ಮುಂದೇ ಹೋಗ್ಬೇಕು" ಎಂದ ಗೆಳೆಯ, ದನಿ ತಗ್ಗಿಸಿ. ತಗ್ಗಿಸಿ ಪ್ರಯೋಜನವಿರಲಿಲ್ಲ. ಎಲ್ಲರಿಗೂ ಕೇಳಿತು.

ಕೊನೆಗೆ ಮಾವನೇ ಪ್ಲೈವುಡ್ಡಿಗೆ ಮುಖ ಮಾಡಿ ಮಾತಾಡಿದರು.

"ಅಳಿಯಂದ್ರೇ, ಆ ಸೌದೆ ಹಸೀದಿತ್ತು, ಅದ್ಕೇ ತೆಗ್ದೆ. ಬೆಂಕಿ ನೀವು ಚೆಂದಾಗೇ ಹಾಕ್ತೀರಿ."

ದೂರದ ಯಾವುದೋ ಕ್ಯಾಬಿನ್ನಿನಿಂದ ಒಂದು ದನಿ ಬಂತು: "ಹಸಿ ಸೌದೆ ಹಾಕುದ್ರೆ ಎಲೆ ಕೆಡ್ತದೆ ಕಣಪ್ಪಾ, ನಿಮ್ಮಾವ ಹೇಳೋದು ಸರಿ."

"ನೀನ್ ಯಾರ ಮಾವ್ಲಾ, ಮೊದ್ಲು ಅದ್ ಹೇಳು" ಎಂದಿತು ಇನ್ನೊಂದು ದನಿ.

ಆಗ ನಗು ಶುರುವಾಯಿತು. ಯಾರ ಮುಖವೂ ಯಾರಿಗೂ ಕಾಣದ ಕತ್ತಲಲ್ಲಿ ಪರದೆಗಳ ಹಿಂದೆ ಎಲ್ಲರೂ ನಗುತ್ತಿದ್ದರು. ಗೆಳೆಯ ಖಾಲಿ ಕ್ಯಾಬಿನ್ನೊಂದರ ಪರದೆಯನ್ನು ಕಿತ್ತ. ಒಂದು ತುದಿಯನ್ನು ಅಡುಗೆಯವನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಅಳಿಯನ ಕ್ಯಾಬಿನ್ನಿಗೆ ಅಡ್ಡವಾಗಿ ಎತ್ತಿ ನಿಂತ. ಧಾರೆಯ ಹೊತ್ತಿನಲ್ಲಿ ಹೆಣ್ಣು ಗಂಡಿನ ನಡುವೆ ಅಂತರಪಟ ಹಿಡಿಯುತ್ತಾರಲ್ಲ, ಹಾಗೆ.

"ಬನ್ನಿ ಗೌಡ್ರೇ."

ಮಾವ ಪಂಚೆ ಸರಿಮಾಡಿಕೊಂಡು ಆ ಬಟ್ಟೆಯ ಪಕ್ಕದಲ್ಲೇ ನಡೆದು ಅಡುಗೆಮನೆಯ ಕಡೆ ಹೋದರು. "ಅಕ್ಷತೆ ತನ್ರಪ್ಪೋ" ಎಂದ ಯಾರೋ. ಮಾವ ನಕ್ಕರೋ ಇಲ್ಲವೋ ನನಗೆ ಗೊತ್ತಿಲ್ಲ. ನಕ್ಕರು ಎಂದು ಬರೆದರೆ ನನಗೆ ಹಿತವಾಗುತ್ತದೆ, ಅದಕ್ಕೇ ಬರೆಯುತ್ತಿಲ್ಲ.

ಅವತ್ತು ಸಂಜೆ ಗೆಳೆಯ ಬಡಗಿಗೆ ಫೋನು ಮಾಡಿದ. ನಾನು ತಡೆದೆ. ಹೊಸದಾಗಿ ಮಾಡಿಸಿದ್ದನ್ನು ಕಿತ್ತುಹಾಕಿಸಿದ ಮೇಲೂ ಜನ ಬರದಿದ್ದರೆ?

"ಬರ್ದಿದ್ರೆ ಕೊಟ್ಬುಡೋದು ಇದ್ದೇ ಐತಲ್ಲ. ಇವತ್ತು ನಕ್ಕವ್ರು ಯಾರ್ಯಾರು ಅಂತ ನಂಗೆ ಕಾಣ್ನಿಲ್ಲ ಕಣ್ಲಾ. ಅದೇ ಬೇಜಾರು" ಎಂದ.

ಹಜಾರ ಮತ್ತೆ ಹಜಾರವಾಯಿತು. ಪ್ಲೈವುಡ್ ನಿಂತಿದ್ದ ಕಡೆ ನೆಲದಲ್ಲಿ ಮೊಳೆಯ ತೂತುಗಳು ಉಳಿದವು. ಜನ ದಡಬಡನೆ ತುಂಬಿಕೊಳ್ಳಲಿಲ್ಲ. ಮೊದಲ ಕೆಲವು ದಿನ ಮಾವ ಬಂದು ಹೊರಗಿನಿಂದಲೇ ಕೇಳುತ್ತಿದ್ದರು: "ಅಳಿಯಂದ್ರು ಬಂದವ್ರಾ?" ಇದ್ದಾರೆ ಎಂದರೆ ಎದುರಿನ ಹೋಟೆಲಿನಲ್ಲಿ ಟೀ ಕುಡಿದು ಹೋಗುತ್ತಿದ್ದರು. ಅಳಿಯನೂ ಹಾಗೆಯೇ ಕೇಳುತ್ತಿದ್ದ. ಗೆಳೆಯ ಒಮ್ಮೆ ಇಬ್ಬರಿಗೂ ಇಲ್ಲ ಎಂದುಬಿಟ್ಟ. ಇಬ್ಬರೂ ಒಳಗೆ ಬಂದರು, ಸುತ್ತ ನೋಡಿದರು, ಬೆನ್ನು ತಿರುಗಿಸಿ ಕೂತರು. ಯಾರೂ ಅವನನ್ನು ಸುಳ್ಳುಗಾರ ಎನ್ನಲಿಲ್ಲ. ಆ ದಿನದಿಂದ ಮೇಜುಗಳು ಒಂದೊಂದಾಗಿ ತುಂಬತೊಡಗಿದವು ಎಂದು ಗೆಳೆಯ ಹೇಳುತ್ತಾನೆ. ಅಷ್ಟು ಅಚ್ಚುಕಟ್ಟಾಗಿ ನಡೆದಿರಲಾರದು. ಹರಾಜಿನಲ್ಲಿ ಆ ವಾರ ಎಲೆಗೆ ಒಳ್ಳೆಯ ರೇಟೂ ಸಿಕ್ಕಿರಬಹುದು.

ಉತ್ತರ ಕೇಳಲು ಕಂಟ್ರಾಕ್ಟರ್ ಖುದ್ದಾಗಿ ಬಂದ. ಈ ಸಲ ನಾನು ಅಲ್ಲಿದ್ದೆ, ಗೆಳೆಯನೂ ಒಪ್ಪುತ್ತಾನೆ. ಕ್ಯಾಬಿನ್ನು ಇಲ್ಲದ್ದನ್ನು ನೋಡಿ ಅವನ ಮುಖ ಸಪ್ಪಗಾಯಿತು. ಜಾಗ ಬೇರೆ ಇರಲಿಲ್ಲ. ಅಪರಿಚಿತರ ಮೇಜಿನಲ್ಲೇ ಕೂತ.

"ಯಾವೂರು ಸ್ವಾಮಿ?" ಎಂದರು ಪಕ್ಕದವರು.

"ಮೈಸೂರು."

"ಮೈಸೂರಲ್ಲಿ ಎಲ್ಲಿ? ನಮ್ಮ ನಾದ್ನಿ ಮಗಳ್ನ ಅಲ್ಗೇ ಕೊಟ್ಟಿರೋದು."

ಒಂದು ಬಿಯರು ಮುಗಿಯುವಷ್ಟರಲ್ಲಿ ಕಂಟ್ರಾಕ್ಟರ್ ತನ್ನ ಭಾವಮೈದುನ ಮನೆ ಕಟ್ಟಿಸಿದ ಕಥೆಯನ್ನು ಕೈ ಆಡಿಸಿಕೊಂಡು ಹೇಳುತ್ತಿದ್ದ. ಗಲ್ಲಾದ ಹಿಂದೆ ಗೆಳೆಯ ಅವನು ಲೀಸಿನ ಮಾತು ಎತ್ತಲಿ ಎಂದು ಕಾದ. ಎರಡು ಸಲ ಅವನ ಮೇಜಿನ ಹತ್ತಿರ ಹೋಗಿ ನೀರು ಇಟ್ಟು ಬಂದ. ಕೊನೆಗೆ ತಡೆಯಲಾರದೆ ತಾನೇ ಹೇಳಿದ.

"ಸಾರ್, ಕೊಡಲ್ಲ ಅಂತ ಇದ್ದೀನಿ."

"ಗೊತ್ತಾಯ್ತು ಬಿಡಿ" ಎಂದ ಕಂಟ್ರಾಕ್ಟರ್, ತಲೆ ಎತ್ತದೆ. "ಇನ್ನೊಂದು ಕಳ್ಸಿ. ಇವ್ರಿಗೂ ಒಂದು."

ಗೆಳೆಯ ಫ್ರಿಜ್ಜಿನ ಬಾಗಿಲು ತೆರೆದು, ಏನು ತೆಗೆಯಬೇಕೆಂದು ಮರೆತವನ ಹಾಗೆ ಸ್ವಲ್ಪ ಹೊತ್ತು ಅದರ ತಣ್ಣನೆಯ ಗಾಳಿಗೆ ಮುಖ ಕೊಟ್ಟು ನಿಂತಿದ್ದ.