ಅಮ್ಮನ ಸರ ಮತ್ತು ಒಂದು ಪ್ರೋಟಾನ್

ನಾನು ಚಿಕ್ಕವನಿದ್ದಾಗ ಬೆಚ್ಚಿಬೀಳಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಕಡಲೆಕಾಯಿ ರಾಶಿಯಿಂದ ಒಂದು ಇಲಿ ಹಾರಿದರೂ ಸಾಕಿತ್ತು. ಆದರೆ ಉಡುಮಲೈಪೇಟೆಯ ಹತ್ತಿರ ನಮ್ಮ ತೋಟದ ಮನೆಯಲ್ಲಿ ಒಂದು ಬೆಳಗ್ಗೆ ನಡೆದದ್ದನ್ನು ನೆನೆದರೆ ಈ ವಯಸ್ಸಿನಲ್ಲೂ ಎದೆ ಧಸಕ್ಕೆನ್ನುತ್ತದೆ.

ಅಂದು ನಮ್ಮ ಅಂಗಳದಲ್ಲಿ ಒಬ್ಬ ವೈದ್ಯ ಬಂದು ಕುಳಿತಿದ್ದ. ಬೆಟ್ಟದ ಮೂಲಿಕೆಗಳನ್ನು ಬಲ್ಲೆ, ಪಾದರಸವನ್ನು ಬಂಗಾರ ಮಾಡಬಲ್ಲೆ ಎಂದು ತಮಿಳಿನಲ್ಲಿ ಹೇಳಿಕೊಂಡು ಊರೂರು ಅಲೆಯುವವನು. ಅವನ ಅಗ್ಗಿಷ್ಟಿಕೆಯಲ್ಲಿ ತೆಂಗಿನ ಚಿಪ್ಪಿನ ಇದ್ದಿಲು ಕೆಂಪಗೆ ಉರಿಯುತ್ತಿತ್ತು. ಗಂಧಕದ ಘಾಟಿಗೆ ನನ್ನ ಕಣ್ಣಲ್ಲಿ ನೀರು. ತಟ್ಟೆಯಲ್ಲಿ ಪಾದರಸ ಗುಂಡುಗುಂಡಾಗಿ ಹೊಳೆಯುತ್ತ ಓಡಾಡುತ್ತಿತ್ತು. ಹಾಲಿಗೆ ಹೆಪ್ಪು ಬೇಕಾದಂತೆ ಇದಕ್ಕೂ ಒಂದಿಷ್ಟು ಬಂಗಾರದ ಹೆಪ್ಪು ಬೇಕು ಎಂದು ಅವನು ಕೇಳಿದ. ನಮ್ಮ ಮನೆಯಲ್ಲಿದ್ದ ಬಂಗಾರವೆಂದರೆ ತವರಿನವರು ಅಮ್ಮನಿಗೆ ಹಾಕಿದ್ದ ಎರಡೆಳೆ ಸರ ಒಂದೇ.

ಅಪ್ಪ ಸುಲಭಕ್ಕೆ ಮೋಸ ಹೋಗುವವರಲ್ಲ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ ಮನುಷ್ಯ. ಕೊಯಮತ್ತೂರಿನ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಅಕ್ಕ ರಜೆಗೆ ಬಂದಿದ್ದಳು. ಅವಳ ಪುಸ್ತಕ ಒಪ್ಪಿದರೆ ಸರ ಕೊಡುತ್ತೇನೆ, ಇಲ್ಲವಾದರೆ ಇಲ್ಲ ಎಂದು ಅಪ್ಪ ಅವಳನ್ನು ಕರೆದರು. ನನಗೆ ಹೋದ ಜೀವ ಬಂದಂತಾಯಿತು. ಅಕ್ಕ ಇವನನ್ನು ಓಡಿಸಿಯೇ ತೀರುತ್ತಾಳೆ ಎಂದುಕೊಂಡೆ.

ಅಕ್ಕ ನೆಲದ ಮೇಲೆ ಕಡಲೆಬೀಜ ಹರವಿ ವಿವರಿಸಿದಳು. ಬಂಗಾರವಾಗಲಿ ಪಾದರಸವಾಗಲಿ ಕಣ್ಣಿಗೆ ಕಾಣದ ಪರಮಾಣುಗಳಿಂದ ಆಗಿದೆ. ಪರಮಾಣುವಿನ ನಟ್ಟನಡುವೆ ಪ್ರೋಟಾನುಗಳೂ ನ್ಯೂಟ್ರಾನುಗಳೂ ಒತ್ತಾಗಿ ಕೂತಿರುತ್ತವೆ. ಎಲೆಕ್ಟ್ರಾನುಗಳು ಸುತ್ತ ದೂರದಲ್ಲಿರುತ್ತವೆ. ಪ್ರೋಟಾನು ಎಷ್ಟಿವೆಯೋ ಅದೇ ಪರಮಾಣು ಸಂಖ್ಯೆ. ಅದು ಬಂಗಾರವೋ ಬೇರೆಯೋ ಎಂದು ತೀರ್ಮಾನಿಸುವುದು ಆ ಸಂಖ್ಯೆಯೇ. ಬಂಗಾರಕ್ಕೆ ಎಪ್ಪತ್ತೊಂಬತ್ತು, ಪಾದರಸಕ್ಕೆ ಎಂಬತ್ತು.

ಅಪ್ಪ ಎದ್ದು ನಿಂತು ಅಕ್ಕನನ್ನು ಕೇಳಿದರು.

"ಒಂದೇ ತಾನೇ ಜಾಸ್ತಿ, ಅಮ್ಮಿಣಿ? ಎಂಬತ್ತರಲ್ಲಿ ಒಂದ ಎತ್ತಿದ್ರೆ ಬಂಗಾರ. ಸಾಮಿ ಹೇಳೋದು ಸರಿಯಾಗೇ ಐತೆ."

ವೈದ್ಯನೇ ಬೆರಗಾಗಿ ನೋಡಿದ. ಅವನ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ಅಪ್ಪ ಕೈ ಚಾಚಿದರು, ಅಮ್ಮ ಕೊರಳಿನ ಸರ ಬಿಚ್ಚಿ ಕೊಟ್ಟಳು. ಬರಿದಾದ ಆ ಕೊರಳನ್ನು ನೋಡಿ ನಾನು ತತ್ತರಿಸಿಹೋದೆ.

ಅಕ್ಕ ಓಡಿಬಂದು ಅಪ್ಪನ ಕೈ ಹಿಡಿದಳು. ಬೆಂಕಿಯಾಗಲಿ ಮೂಲಿಕೆಯ ರಸವಾಗಲಿ ಹೊರಗಿನ ಎಲೆಕ್ಟ್ರಾನುಗಳನ್ನಷ್ಟೇ ಕದಲಿಸಬಲ್ಲದು, ಅವು ಒಂದೆರಡು ಹೋದರೂ ಬಂದರೂ ಪಾದರಸ ಪಾದರಸವೇ ಎಂದಳು. ನ್ಯೂಟ್ರಾನು ಹೆಚ್ಚುಕಡಿಮೆಯಾದರೆ ತೂಕ ಬದಲಾದೀತು, ಅಷ್ಟೇ. ಪ್ರೋಟಾನು ಇರುವ ನಡುವನ್ನು ಈ ಇದ್ದಿಲ ಬೆಂಕಿ ಮುಟ್ಟಲಾರದು.

"ಮುಟ್ಟಿದ್ರೆ?" ಎಂದರು ಅಪ್ಪ, ಇನ್ನೂ ಆಸೆ ಬಿಡದೆ.

"ಆ ನಡುವ ಒಡೆದೇ ಜಪಾನಲ್ಲಿ ಎರಡು ಊರ ಸುಟ್ಟಿದ್ದು, ಅಪ್ಪ."

ಅಮ್ಮನಿಗೆ ಪ್ರೋಟಾನು ಗೀಟಾನು ಒಂದೂ ತಿಳಿದಿರಲಿಲ್ಲ, ಆದರೆ ಆ ಬಾಂಬಿನ ಸುದ್ದಿ ತಿಳಿದಿತ್ತು. ಹಸುವಿಗೆ ಇಟ್ಟಿದ್ದ ಕಲಗಚ್ಚನ್ನು ಎತ್ತಿ ತಂದು ಅಗ್ಗಿಷ್ಟಿಕೆಯ ಮೇಲೆ ಸುರಿದೇಬಿಟ್ಟಳು. ಚೊಯ್ಯೆಂದು ಹಬೆ ಎದ್ದು ಅಂಗಳದ ತುಂಬ ಬೂದಿ ಹಾರಿತು. ಅವಳು ಸುರಿಯುವ ಮೊದಲೇ ವೈದ್ಯ ಬಾಂಬಿನ ಮಾತಿಗೆ ಹೆದರಿ ಎದ್ದು ಬೇಲಿಯ ತನಕ ಓಡಿದ್ದ. ತನ್ನ ಬೆಂಕಿಯಲ್ಲಿ ಏನಾಗುತ್ತದೆಂದು ಅವನಿಗೇ ಗೊತ್ತಿಲ್ಲವೆಂಬುದು ಆಗ ಅಪ್ಪನ ಕಣ್ಣಿಗೆ ಬಿತ್ತು. ಅವರು ಸರವನ್ನು ಅಮ್ಮನಿಗೆ ಮರಳಿ ಕೊಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರದ ವೈದ್ಯ ಮರಳಿ ಬಂದು ಗೊಣಗುತ್ತ ಗಂಟು ಕಟ್ಟಿದ.

ಮಕ್ಕಳೇ, ಈಗ ನಿಮ್ಮ ಕೋಣೆಯ ಗೋಡೆಯ ಮೇಲೆ ಧಾತುಗಳ ಬಣ್ಣದ ಪಟವೇ ತೂಗುತ್ತದೆ. ಎಪ್ಪತ್ತೊಂಬತ್ತು ಯಾವುದು ಎಂದರೆ ದೋಸೆ ಜಗಿಯುತ್ತಲೇ ಬಂಗಾರ ಎನ್ನುತ್ತೀರಿ. ಪರೀಕ್ಷೆಯಲ್ಲಿ ಉತ್ತರ ತಪ್ಪಿದರೆ ಒಂದು ಅಂಕ ಹೋಗುತ್ತದೆ, ಸಂಜೆಗೆ ಅದನ್ನೂ ಮರೆಯುತ್ತೀರಿ. ನಮ್ಮ ಅಂಗಳದಲ್ಲಿ ಅಂದು ಅಕ್ಕ ಸರಿಯಾದ ಉತ್ತರವನ್ನೇ ಹೇಳಿದ್ದಳು. ಅದಕ್ಕೇ ಅಮ್ಮನ ಸರ ಹೋಗಿಬಿಡುತ್ತಿತ್ತು.