ಬೇಸಾಯದ ಸೀಟು

ಎರಡನೇ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಒಂದು ಬೆಳಿಗ್ಗೆ, ರೇಷ್ಮೆ ಹುಳುಮನೆಯ ಮುಂದೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ ಅಪ್ಪನ ಎದುರು ನಿಂತು, ನಾನು ಬಿಎಸ್ಸಿ ಅಗ್ರಿಗೆ ಹಾಕುತ್ತೇನೆ ಅಂದೆ. ಅಪ್ಪ ಮಚ್ಚು ನಿಲ್ಲಿಸಲಿಲ್ಲ.

"ಅಗ್ರಿ ಅಂದ್ರ?"

"ಕೃಷಿ ಕಣಪ್ಪ. ಬೇಸಾಯದ ಓದು. ನಾಕ್ ವರ್ಷ."

ಅಪ್ಪ ಈಗ ಮಚ್ಚು ಕೆಳಗಿಟ್ಟು ನನ್ನ ಮುಖ ನೋಡಿದ. "ಬೇಸಾಯ ಕಲಿಯಕ್ಕ ಕಾಲೇಜ್ಗ ಓಗ್ಬೇಕಾ ಮಗ? ನಾಳಿಂದ ಒಲಕ್ಕ ಬಾ. ಬಿಟ್ಟಿ ಕಲಿಸ್ತೀನಿ."

ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವ ಅಲ್ಲಿಂದಲೇ ಅಂದಳು: "ಕಲಿಸು ಮತ್ತ. ಆ ಪರೀಕ್ಷಗ ಅದೇ ಬೇಕಂತ."

ಅವ್ವನಿಗೆ ನಾನು ಹಿಂದಿನ ದಿನವೇ ಎಲ್ಲ ಹೇಳಿದ್ದೆ. ಕೊಳ್ಳೇಗಾಲದ ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂ ನನಗೆ ಹೇಳಿದ್ದು ಇಷ್ಟು: ಕೃಷಿ ಪದವಿಯ ಸೀಟುಗಳಲ್ಲಿ ಒಂದು ಪಾಲು ಬೇಸಾಯಗಾರರ ಮಕ್ಕಳಿಗೆ ಮೀಸಲು. ಅದು ಬೇಕೆಂದರೆ ಸಿಇಟಿ ಬರೆದರೆ ಸಾಲದು, ಬೇರೆ ಒಂದು ಪ್ರಾಯೋಗಿಕ ಪರೀಕ್ಷೆಗೆ ಕೂರಬೇಕು. ತಟ್ಟೆಯಲ್ಲಿ ಬೀಜ, ಗೊಬ್ಬರ, ಸಾಮಾನು, ರೋಗ ಬಿದ್ದ ಎಲೆ ಇಟ್ಟಿರುತ್ತಾರೆ. ನೋಡಿ, ಅದೇನು, ಯಾತಕ್ಕೆ ಬಳಸುತ್ತಾರೆ ಅಂತ ಹೇಳಬೇಕು. "ನಿನ್ನ ಮಾರ್ಕ್ಸ್ ಒಂದನ್ನೇ ನಂಬಿಕೊಂಡರೆ ಕಷ್ಟ. ಈ ಪರೀಕ್ಷೆಯಲ್ಲಿ ಚೆನ್ನಾಗಿ ತೆಗೆದರೆ ಸೀಟು ನಿನ್ನದೇ. ರೈತನ ಮಗಳು, ಇದೇನು ಮಹಾ" ಅಂದಿದ್ದರು ಮೇಡಂ.

ಮೇಡಂಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನಾನು ರೈತನ ಮಗಳೇ ಹೌದು, ಆದರೆ ಹೈಸ್ಕೂಲಿನಿಂದಲೂ ಬೆಳಿಗ್ಗೆ ಕಾಮಗೆರೆಯಲ್ಲಿ ಬಸ್ಸು ಹತ್ತಿ ಸಂಜೆ ಇಳಿಯುವುದೇ ನನ್ನ ಕೆಲಸವಾಗಿತ್ತು. ಓದುವ ಕೂಸು ಅಂತ ಮನೆಯಲ್ಲಿ ಯಾರೂ ನನ್ನ ಕೈಗೆ ಕುಡುಗೋಲು ಕೊಟ್ಟಿರಲಿಲ್ಲ. ರಾಗಿ ಗೊತ್ತಿತ್ತು, ಹುರುಳಿ ಗೊತ್ತಿತ್ತು. ಸಾಮೆ ಯಾವುದು ನವಣೆ ಯಾವುದು ಅಂತ ಕೇಳಿದ್ದರೆ ಬಾಯಿ ಬಿಡುತ್ತಿದ್ದೆ.

ಅಪ್ಪ ಅವತ್ತು ಮಧ್ಯಾಹ್ನ ಉಂಡ ಮೇಲೆ ಅಟ್ಟ ಹತ್ತಿದ. ಡಬ್ಬಿ, ಮಡಕೆ, ಗಂಟು ಎಲ್ಲ ಇಳಿಸಿದ. ಒಂದು ಮೊರದಲ್ಲಿ ಹಿಡಿ ಹಿಡಿ ಬೀಜ ಸುರಿದು ಕಲಸಿ ನನ್ನ ಮುಂದೆ ತಳ್ಳಿ, "ಬ್ಯಾರೆ ಮಾಡು" ಅಂದ. ಸಾಸಿವೆ, ರಾಗಿ, ಹುಚ್ಚೆಳ್ಳು, ಸಜ್ಜೆ, ಅಲಸಂದೆ, ತೊಗರಿ ಎಲ್ಲ ಸೇರಿಹೋಗಿದ್ದವು. ಸಂಜೆಯವರೆಗೂ ಕೂತು ಆರಿಸಿದೆ. ಅಪ್ಪ ಬಂದು ನೋಡಿ, ಹುಚ್ಚೆಳ್ಳಿನ ಗುಡ್ಡೆಯಿಂದ ಎರಡು ಕಾಳು ಎತ್ತಿ ಹಾಕಿ, "ಪರವಾಗಿಲ್ಲ" ಅಂದ. ಅಪ್ಪನ ಬಾಯಲ್ಲಿ ಪರವಾಗಿಲ್ಲ ಅಂದರೆ ತುಂಬ ಚೆನ್ನಾಗಿದೆ ಅಂತ ಅರ್ಥ.

ಅಲ್ಲಿಂದ ಮನೆಯೇ ಶಾಲೆಯಾಯಿತು. ಕುಂಟೆ, ಎಡೆಕುಂಟೆ, ಕೂರಿಗೆಯ ಒಂದೊಂದು ಭಾಗಕ್ಕೂ ಹೆಸರು ಕಲಿತೆ. ಬೇವಿನ ಹಿಂಡಿ, ಹೊಂಗೆ ಹಿಂಡಿ ಎರಡನ್ನೂ ಕಣ್ಣು ಮುಚ್ಚಿಸಿ ಮೂಸಿಸಿದ ಅಪ್ಪ. ನಾನು ತಪ್ಪು ಹೇಳಿದರೆ ಬಯ್ಯುತ್ತಿರಲಿಲ್ಲ, "ಇನ್ನೊಂದ್ ಸಲ ಮೂಸು" ಅನ್ನುತ್ತಿದ್ದ, ಅಷ್ಟೇ. ರೇಷ್ಮೆಯ ವಿಷಯದಲ್ಲಿ ಮಾತ್ರ ನನಗೆ ಪಾಠ ಬೇಕಿರಲಿಲ್ಲ. ಹುಳು ಮೇಯುವ ಸದ್ದು ಕೇಳುತ್ತಲೇ ನಾನು ಬೆಳೆದದ್ದು.

ಹನೂರಿಗೆ ಅಪ್ಪ ನನ್ನನ್ನು ಕರೆದುಕೊಂಡು ಹೋದದ್ದು ಎರಡು ಕೆಲಸಕ್ಕೆ. ಮೊದಲನೆಯದು ತಾಲ್ಲೂಕು ಕಚೇರಿ. ನಮ್ಮದು ಬೇಸಾಯಗಾರರ ಕುಟುಂಬ ಅಂತ ಪ್ರಮಾಣಪತ್ರ ಬೇಕಿತ್ತು. ಕೌಂಟರಿನಲ್ಲಿದ್ದವರು ಪಹಣಿ ನೋಡಿ, ಅಪ್ಪನ ಕೈ ನೋಡಿ, ನಕ್ಕು ಅರ್ಜಿ ತೆಗೆದುಕೊಂಡರು. "ಕೃಷಿಕರು ಅನ್ನೋದಕ್ಕೆ ಸಾಕ್ಷಿ ಬೇರೆ ಬೇಕಾ ಯಜಮಾನ್ರೆ" ಅಂದರು. ಅಪ್ಪ, "ಬೇಕಂತಲ್ಲ ಸಾ, ಮಗಳು ಯೋಳ್ತಾಳ" ಅಂದ.

ಎರಡನೆಯದು ಗೊಬ್ಬರದ ಅಂಗಡಿ. ಅಪ್ಪನಿಗೆ ಪರಿಚಯದವರದು. ನಾನು ಯಾಕೆ ಬಂದಿದ್ದೇನೆ ಅಂತ ಕೇಳಿದ್ದೇ ತಡ, ಅಂಗಡಿಯವರು ಗಿರಾಕಿಗಳನ್ನು ಪಕ್ಕಕ್ಕೆ ನಿಲ್ಲಿಸಿ, ಯೂರಿಯಾ, ಪೊಟ್ಯಾಷ್, ಡಿಎಪಿ ಒಂದೊಂದು ಚಿಟಿಕೆ ಕಾಗದದ ಮೇಲೆ ಹಾಕಿ ತೋರಿಸಿದರು. ಕಾಯುತ್ತ ನಿಂತಿದ್ದ ರೈತರೂ ಸೇರಿಕೊಂಡರು. ಮಾದಪ್ಪನ ಬೆಟ್ಟದ ಕಡೆಯಿಂದ ಬಂದಿದ್ದ ಒಬ್ಬ ಮುದುಕರು, ತಮಿಳು ಬೆರೆತ ಕನ್ನಡದಲ್ಲಿ, ತಮ್ಮ ಕೈಚೀಲದಿಂದ ಊದಲು ಮತ್ತು ಹಾರಕದ ಒಂದೊಂದು ತೆನೆ ತೆಗೆದುಕೊಟ್ಟು, "ವಚ್ಚುಕೋ, ಇಟ್ಕೋ ತಾಯಿ, ಇದ ಕೇಳೇ ಕೇಳ್ತಾರ" ಅಂದರು. ಆ ತೆನೆಗಳನ್ನು ನಾನು ಪುಸ್ತಕದ ನಡುವೆ ಇಟ್ಟುಕೊಂಡು ಬಂದೆ.

ಉಳಿದದ್ದು ಭತ್ತ. ನಮ್ಮದು ಒಣಭೂಮಿ, ಗದ್ದೆ ಅಂದರೆ ನನಗೆ ಬಸ್ಸಿನ ಕಿಟಕಿಯಿಂದ ಕಾಣುವ ಹಸಿರು. ಅಪ್ಪನ ಅಕ್ಕ, ನನ್ನ ಸೋದರತ್ತೆ, ಯಳಂದೂರಿನ ಹತ್ತಿರದ ಊರಿನಲ್ಲಿ ಭತ್ತ ಬೆಳೆಯುತ್ತಿದ್ದಳು. ಮಾವ ತೀರಿಹೋಗಿ ವರ್ಷಗಳಾಗಿದ್ದವು. ನೀರು ಕಟ್ಟುವುದರಿಂದ ಹಿಡಿದು ಭತ್ತ ಮಾರುವವರೆಗೆ ಎಲ್ಲ ಅವಳೇ. ಅಪ್ಪ ಫೋನು ಮಾಡಿದಾಗ, "ಕಳುಸ್ಲಾ ಕೂಸ. ಈಗ ಬೇಸಗ ಬೆಳ ತೆನ ಒಡದದ, ಒಳ್ಳೇ ಟೈಮು" ಅಂದಳು.

ಅತ್ತೆಯ ಮನೆಯಲ್ಲಿ ಒಂದು ವಾರವಿದ್ದೆ. ಬೆಳಕು ಹರಿಯುವ ಹೊತ್ತಿಗೆ ಅವಳ ಹಿಂದೆ ಬದುವಿನ ಮೇಲೆ ನಡೆಯಬೇಕು. ಮೊದಲ ದಿನ ಜಾರಿ ಗದ್ದೆಗೆ ಬಿದ್ದು ಸೊಂಟದವರೆಗೆ ಕೆಸರಾದೆ. ಅತ್ತೆ ಕೈ ಕೊಟ್ಟು ಎತ್ತಲಿಲ್ಲ. "ಇಳಿದದ್ದಾಯ್ತಲ್ಲ, ಅಲ್ಲೇ ನಿಂತ್ಕೊ. ಅಗೋ ಆ ಬೆಳ್ಳಗ ನಿಂತಿರ ತೆನ ಕಿತ್ತು ತಾ" ಅಂದಳು.

ಸುತ್ತಲಿನ ತೆನೆಗಳು ಬಾಗಿದ್ದವು, ಅದೊಂದು ಮಾತ್ರ ನೆಟ್ಟಗೆ ನಿಂತಿತ್ತು. ಹಿಡಿದು ಎಳೆದರೆ ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸಾಗಿ ಬಂತು.

"ಅಷ್ಟ್ ಸಲೀಸಾಗಿ ಬಂದ್ರ ಉಳ ಒಳಗ ತಿಂದದ ಅಂತ" ಅಂದಳು ಅತ್ತೆ. "ಬುಡ ಸೀಳಿ ನೋಡು."

ಉಗುರಿನಲ್ಲಿ ಸೀಳಿದೆ. ಒಳಗೆ ಮಾಸಲು ಬಣ್ಣದ ಸಣ್ಣ ಹುಳು ಹೊರಳಾಡುತ್ತಿತ್ತು. ಕಾಂಡಕೊರಕ ಅನ್ನುವ ಪದವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದು ಕಣ್ಣೆದುರು ಮೈ ಮುರಿಯುವುದನ್ನು ಕಂಡದ್ದು ಅವತ್ತೇ. ಕೆಸರಿನಲ್ಲಿ ನಿಂತೇ ನನಗೆ ಒಂದು ಬಗೆಯ ಖುಷಿಯಾಯಿತು. ಸೀಟಿಗಾಗಿ ಶುರು ಮಾಡಿದ್ದು ಅಲ್ಲಿಂದ ಮುಂದೆ ನನಗಾಗಿಯೇ ಬೇಕಾಯಿತು. ಅತ್ತೆಯನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದೆ. ಊರಿಗೆ ಹೊರಟಾಗ ಅವಳು, "ನೀನು ಓದ್ಮೇಲೆ ಒಂದ್ ಔಷದಿ ಕಂಡುಡುಕು" ಅಂದಳು. "ಹುಳಕ್ಕಾ?" ಅಂದೆ. "ನನ್ ಸೊಂಟ ನೋವ್ಗ ಕಣೇ" ಅಂತ ನಕ್ಕಳು.

ಪ್ರಾಯೋಗಿಕ ಪರೀಕ್ಷೆ ಮೈಸೂರಿನ ಹೊರಗೆ ಒಂದು ಕೃಷಿ ಕೇಂದ್ರದಲ್ಲಿ ಇತ್ತು. ಅಪ್ಪ ಜೊತೆಗೆ ಬಂದ. ಗೇಟಿನ ಹೊರಗೆ ಮರದ ನೆರಳಿನಲ್ಲಿ ಅಪ್ಪಂದಿರ ದೊಡ್ಡ ಗುಂಪೇ ಕೂತಿತ್ತು. ಕಾರಿನಲ್ಲಿ ಬಂದವರೂ ಇದ್ದರು, ಪಂಚೆಯುಟ್ಟು ಬಸ್ಸಿನಲ್ಲಿ ಬಂದವರೂ ಇದ್ದರು. ನಾನು ಒಳಗೆ ಹೋಗುವಾಗ ಅಪ್ಪ ನನ್ನ ಕೈಯಿಂದ ಚೀಲ ಇಸಿದುಕೊಂಡು, ಓಗು ಅನ್ನುವ ಹಾಗೆ ತಲೆ ಆಡಿಸಿದ.

ಒಳಗೆ ಉದ್ದನೆಯ ಮೇಜಿನ ಮೇಲೆ ಸಾಲಾಗಿ ತಟ್ಟೆಗಳು. ಮೊದಲ ತಟ್ಟೆಯಲ್ಲಿ ಹಾರಕ ಕಂಡೊಡನೆ ನನ್ನ ಉಸಿರು ಹಗುರಾಯಿತು. ಪೊಟ್ಯಾಷ್, ಎಡೆಕುಂಟೆಯ ಮಾದರಿ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಒಂದಾದ ಮೇಲೊಂದು ಹೇಳುತ್ತ ಹೋದೆ. ಕಂದು ಬಣ್ಣದ ಪುಡಿಯ ಮುಂದೆ ಮಾತ್ರ ನಿಂತೆ. ಹಿಂಡಿ ಅನ್ನುವುದು ಗೊತ್ತಾಯಿತು, ಯಾವುದು ಅನ್ನುವುದು ಗೊತ್ತಾಗಲಿಲ್ಲ.

"ಮೂಸಬಹುದಾ ಸರ್?" ಅಂತ ಕೇಳಿದೆ.

ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿದರು. "ಮೂಸಬಾರದು ಅಂತ ನಮಗೇನೂ ಹೇಳಿಲ್ಲಮ್ಮ."

ಮೂಸಿದೆ. "ಹೊಂಗೆ ಹಿಂಡಿ ಸರ್."

ಅವರು ಬರೆದುಕೊಂಡು ಮುಂದಿನ ತಟ್ಟೆ ತೋರಿಸಿದರು. ಭತ್ತದ ಬಿಳಿ ತೆನೆ. "ಇದೇನು ಒಣಗಿದ ಭತ್ತವಾ?" ಅಂದರು.

"ಅಲ್ಲ ಸರ್. ಕಾಂಡಕೊರಕ ತಿಂದಿದೆ. ಕಾಳು ಜೊಳ್ಳು. ಬುಡದಲ್ಲಿ ತೂತಿರಬೇಕು" ಅಂತ ಹೇಳಿ, ತೆನೆ ತಿರುಗಿಸಿ ತೂತು ತೋರಿಸಿದೆ. ಕೊನೆಯ ತಟ್ಟೆಯಲ್ಲಿ ಕಪ್ಪಗೆ, ಉದ್ದಕ್ಕೆ, ಸುಕ್ಕುಗಟ್ಟಿದ ಒಂದು ಕಾಯಿ ಇತ್ತು. ಅಂಥದನ್ನು ನಾನು ಕಂಡೇ ಇರಲಿಲ್ಲ. ಗೊತ್ತಿಲ್ಲ ಸರ್ ಅಂದೆ. ಅದು ವೆನಿಲಾ ಅಂತ ಕಾಲೇಜು ಸೇರಿದ ಮೇಲೆ ತಿಳಿಯಿತು.

ಹೊರಗೆ ಬಂದಾಗ ಅಪ್ಪ ಎದ್ದು ನಿಂತ. "ಎಂಗಾಯ್ತು?"

"ಪರವಾಗಿಲ್ಲ" ಅಂದೆ. ಅಪ್ಪನ ಮುಖ ಅರಳಿತು.

ಸೀಟು ಹಂಚಿಕೆಯ ದಿನ ಅಪ್ಪ ರೇಷ್ಮೆ ಗೂಡು ಮಾರಲು ಹೋಗಿದ್ದ. ನಾನೂ ಅವ್ವನೂ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ಕಾಯುತ್ತ ಕೂತೆವು. ಸರ್ವರ್ ತೆರೆಯುತ್ತಲೇ ಇರಲಿಲ್ಲ. ಕಂಪ್ಯೂಟರಿನ ಮುಂದೆ ಕೂತಿದ್ದ ಸೆಂಟರಿನ ಹುಡುಗಿ ಬಟನ್ ಒತ್ತುತ್ತಲೇ ಇದ್ದಳು. ಕೊನೆಗೊಮ್ಮೆ ಪುಟ ಬಂತು. ಬಿಎಸ್ಸಿ ಕೃಷಿ, ಮಂಡ್ಯ, ನಾನು ಮೊದಲು ಬರೆದಿದ್ದ ಆಯ್ಕೆಯೇ. ಆ ಹುಡುಗಿ "ಬಂದದ ಅಕ್ಕ" ಅಂತ ಹೇಳುವಷ್ಟರಲ್ಲಿ ನಾನು ಎದ್ದುಬಿಟ್ಟಿದ್ದೆ. ಅವ್ವ ಮಾತ್ರ ಕೂತೇ ಇದ್ದಳು. "ಇನ್ನೊಂದ್ಸಲ ಓದು" ಅಂದಳು. ಓದಿದೆ. "ನಿನ್ ಎಸರು ಸರಿಯಾಗದ?" ಅಂದಳು. ಇದೆ ಅಂದೆ. ಆಗ ಅವಳು ಸೆರಗಿನಿಂದ ಮುಖವೆಲ್ಲ ಒರೆಸಿಕೊಂಡು, "ನಿಮ್ಮಪ್ಪಂಗ ಪೋನ್ ಮಾಡು" ಅಂದಳು.

ವಿಷಯ ಹೇಳಿದೊಡನೆ, ಮಾರುಕಟ್ಟೆಯ ಗಲಾಟೆಯ ನಡುವೆ ಅಪ್ಪ ಪಕ್ಕದವರಿಗೆ ಹೇಳುವುದು ಕೇಳಿಸಿತು: "ನಮ್ ಮಗಳ್ಗ ಸೀಟ್ ಬಂತು ಕಣ್ರಿ." ನನ್ನನ್ನು ಮರೆತು ಫೋನು ಇಟ್ಟ. ಸಂಜೆ ಅವನು ಮೈಸೂರುಪಾಕಿನ ಪೊಟ್ಟಣ ಹಿಡಿದು ಬಸ್ಸಿಳಿದ, ಮನೆಗೆ ಬರುವಷ್ಟರಲ್ಲಿ ಪೊಟ್ಟಣ ಅರ್ಧ ಖಾಲಿಯಾಗಿತ್ತು. ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚಿದ್ದ.

ಫೀಜು, ಹಾಸ್ಟೆಲ್ಲು ಎಲ್ಲ ಸೇರಿದರೆ ಗೂಡಿನ ದುಡ್ಡು ಸಾಲುತ್ತಿರಲಿಲ್ಲ. ಸ್ಕಾಲರ್‌ಶಿಪ್ ಬರುತ್ತದೆ, ಆದರೆ ಆಮೇಲೆ. ಮೊದಲು ಕಟ್ಟಬೇಕು. ಅಪ್ಪ ಯಾರನ್ನು ಕೇಳುವುದು ಅಂತ ಯೋಚಿಸುತ್ತಿರುವಾಗ ಅವ್ವ, "ನಮ್ ಸಂಘ ಇಲ್ವಾ" ಅಂದಳು. ಊರಿನ ಹೆಂಗಸರು ವಾರ ವಾರ ಉಳಿತಾಯ ಕಟ್ಟುವ ಸಂಘ ಅದು. ಹಸುವಿಗೆ, ಕುರಿಗೆ, ಹೊಲಿಗೆ ಮಿಷನ್ನಿಗೆ ಸಾಲ ಕೊಡುತ್ತಿದ್ದರು. ಓದಿಗೆ ಯಾರೂ ಕೇಳಿರಲಿಲ್ಲ.

ಭಾನುವಾರ ಅಂಗನವಾಡಿ ಜಗಲಿಯ ಮೇಲೆ ಸಭೆ. ನಾನೂ ಅವ್ವನ ಹಿಂದೆ ಕೂತಿದ್ದೆ. ಅವ್ವ ಎದ್ದು ನಿಂತು ಕೇಳಿದಳು. ಲೆಕ್ಕ ನೋಡುತ್ತಿದ್ದ ಪಕ್ಕದ ಬೀದಿಯ ಅಕ್ಕ ಒಪ್ಪಲಿಲ್ಲ.

"ಹಸ ತಂದ್ರ ಹಾಲ್ ಬತ್ತದ, ವಾರಕ್ಕಿಷ್ಟು ಅಂತ ಕಟ್ಬೋದು. ಓದ್ಗ ಕೊಟ್ರ ಏನ್ ಬತ್ತದವ್ವ?"

"ನಾಕ್ ವರ್ಷಕ್ಕ ಕೆಲ್ಸ ಬತ್ತದ" ಅಂದಳು ಅವ್ವ.

"ಅಲ್ಲೀಗಂಟ?"

"ಅಲ್ಲೀಗಂಟ ನಾನಿಲ್ವಾ? ನಾನ್ ಕಟ್ತೀನಿ. ನನ್ ಹಸ ಹಾಲ್ ಕೊಡ್ತಾನೇ ಅದ. ನಮ್ಮೂರ್ನಗ ಯಾವ್ ಎಣ್ ಐಕ್ಳು ಬೆಳ ಬಗ್ಗ ಓದಾಕ ಓಗವ್ರೆ, ಯೋಳಿ ನೋಡ್ವ."

ಸಂಘದ ಅಧ್ಯಕ್ಷೆ, ವಯಸ್ಸಾದವರು, ನನ್ನ ಕಡೆ ತಿರುಗಿದರು. "ಓದಿ ಬಂದ್ಮೇಲೆ ನಮ್ ಒಲಕ್ಕೂ ಬತ್ತೀಯೇನವ್ವ, ಇಲ್ಲ ಆಪೀಸ್ನಗೇ ಕುತ್ಕತೀಯಾ?"

"ಬತ್ತೀನಿ ದೊಡ್ಡವ್ವ" ಅಂದೆ.

"ಹಂಗಾರ ಕೊಡಾಣ. ಕೈ ಎತ್ತಿ" ಅಂದರು. ಎಲ್ಲರೂ ಎತ್ತಿದರು. ಕೊನೆಗೆ ಲೆಕ್ಕದ ಅಕ್ಕನೂ ಪೆನ್ನು ಹಿಡಿದ ಕೈಯನ್ನೇ ಮೇಲೆತ್ತಿದಳು. ಅವತ್ತಿನಿಂದ ಅದು ನಮ್ಮ ಮನೆಯ ಸೀಟಾಗಿ ಉಳಿಯಲಿಲ್ಲ, ಸಂಘದ ಸೀಟಾಯಿತು. ದಾರಿಯಲ್ಲಿ ಸಿಕ್ಕ ಹೆಂಗಸರೆಲ್ಲ "ನಮ್ ಸೀಟು ಯಾವತ್ತು ಓಗೋದು?" ಅಂತ ಕೇಳುತ್ತಿದ್ದರು. ಸಾಲವನ್ನು ಅವ್ವ ಒಂದು ವಾರವೂ ತಪ್ಪಿಸದೆ ಕಟ್ಟಿದಳು. ಈಗ ಆ ಸಂಘದಲ್ಲಿ ಮಗಳ ಓದಿಗೆ ಸಾಲ ಕೇಳುವವರು ಎದ್ದು ನಿಂತು ವಾದ ಮಾಡಬೇಕಾಗಿಲ್ಲ.

ಕಾಲೇಜು ಸೇರುವ ದಿನ ಮೂವರೂ ಮಂಡ್ಯಕ್ಕೆ ಹೋದೆವು. ಹಾಸ್ಟೆಲ್ಲಿನ ಕೋಣೆ ಸಿಕ್ಕ ಮೇಲೆ ಅವ್ವ ಮಂಚದ ಮೇಲೆ ಉದ್ದಕ್ಕೆ ಮಲಗಿ ನೋಡಿ, ಫ್ಯಾನು ಹಾಕಿಸಿ, "ಚೆಂದಾಗದ" ಅಂದಳು. ಕೋಣೆಯ ಇನ್ನೊಬ್ಬಳು ಬಳ್ಳಾರಿ ಕಡೆಯವಳು. ಅವಳ ತಾಯಿಗೂ ಅವ್ವನಿಗೂ ಒಬ್ಬರ ಕನ್ನಡ ಒಬ್ಬರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು, ಆದರೂ ಸಂಜೆಯ ಹೊತ್ತಿಗೆ ಮಕ್ಕಳನ್ನು ಪರಸ್ಪರ ಒಪ್ಪಿಸಿಕೊಂಡರು.

ಅಪ್ಪ ಎಲ್ಲೋ ಕಾಣೆಯಾಗಿದ್ದ. ಹುಡುಕಿಕೊಂಡು ಹೋದರೆ ಕಾಲೇಜಿನ ಕಬ್ಬಿನ ತಾಕಿನ ಪಕ್ಕ ನಿಂತಿದ್ದ. ಸಾಲು ಎಷ್ಟು ಅಗಲ ಬಿಟ್ಟಿದ್ದಾರೆ ಅಂತ ಹೆಜ್ಜೆ ಹಾಕಿ ನೋಡುತ್ತಿದ್ದ. ನನ್ನನ್ನು ಕಂಡು, "ಯಾಕ ಇಷ್ಟ್ ಅಗಲ ಬುಟ್ಟವ್ರೆ?" ಅಂತ ಕೇಳಿದ.

"ನಂಗೂ ಗೊತ್ತಿಲ್ಲ ಕಣಪ್ಪ" ಅಂದೆ.

"ತಿಳ್ಕಂಡು ನಂಗ ಯೋಳು" ಅಂದ.

ಅವರ ಬಸ್ಸು ಹೊರಟ ಮೇಲೆ ನಾನು ಹಾಸ್ಟೆಲ್ಲಿಗೆ ಹೋಗಲಿಲ್ಲ. ಕಬ್ಬಿನ ತಾಕಿನಲ್ಲಿ ನೀರು ಹಾಯಿಸುತ್ತಿದ್ದವರ ಹತ್ತಿರ ಹೋಗಿ, ನನ್ನ ಮೊದಲ ಪ್ರಶ್ನೆ ಕೇಳಿದೆ.