ಗೋಪುರ ಇಳಿಸಿದ ಭಾನುವಾರ

ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ನಾಲ್ಕೂವರೆ ಗಂಟೆ. ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕೂತಿದ್ದೆ. ನನ್ನ ತಮ್ಮ ವಿಠ್ಠಲ ತೀರಿಕೊಂಡು ಎಂಟು ತಿಂಗಳಾಗಿತ್ತು. ಪಾಸಿರ್ ಪಂಜಾಂಗ್ ಬಂದರಿನ ಹಡಗು ಕಚೇರಿಯಲ್ಲಿ ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಅವನ ಹೃದಯ ನಿಂತಿತು. ದೇಹ ಊರಿಗೆ ಬಂತು. ಆಮೇಲೆ ಬಟ್ಟೆಬರೆಯ ಪೆಟ್ಟಿಗೆಯೂ ಬಂತು. ಅವನ ಕಪ್ಪು ನಡುಪಟ್ಟಿ ಮಾತ್ರ ಅವನ ತಂಡದವರ ಹತ್ತಿರ ಉಳಿದಿತ್ತು. ಅದನ್ನು ತರಲು ನಾನು ಹೊರಟೆ.

ವಿಠ್ಠಲ ಅಲ್ಲಿ ಗೋಪುರ ಕಟ್ಟುವ ತಂಡ ಸೇರಿದ್ದ. ಕಲ್ಲಿನ ಗೋಪುರವಲ್ಲ, ಮನುಷ್ಯರದು. ಸ್ಪೇನ್ ದೇಶದ ಕತಲೋನಿಯಾ ಎಂಬ ಸೀಮೆಯ ಪದ್ಧತಿ ಅದು. ಅಲ್ಲಿಂದ ಬಂದವರು ಸಿಂಗಪುರದಲ್ಲೂ ಬಿಡದೆ ಕಟ್ಟುತ್ತಾರೆ. ಬುಡದಲ್ಲಿ ಜನ ಒತ್ತೊತ್ತಾಗಿ ನಿಲ್ಲುತ್ತಾರೆ, ಹೆಗಲ ಮೇಲೆ ಹೆಗಲೇರಿ ಅಂತಸ್ತುಗಳು ಏಳುತ್ತವೆ, ತುದಿಗೆ ಒಂದು ಮಗು ಹತ್ತಿ ಕೈ ಎತ್ತುತ್ತದೆ. ಬೆನ್ನಿಗೆ ಆಸರೆಯಾಗಲೆಂದು, ಏರುವವರಿಗೆ ಹಿಡಿಯಾಗಲೆಂದು ಎಲ್ಲರೂ ನಡುವಿಗೆ ಆ ಕಪ್ಪು ಪಟ್ಟಿ ಬಿಗಿಯುತ್ತಾರೆ. ನಮ್ಮ ಮೊಸರು ಕುಡಿಕೆಯ ಹಾಗೇನೋ ಎಂದು ಫೋನಿನಲ್ಲಿ ಕೇಳಿದ್ದೆ.

"ಅಲ್ಲಬೇ ಅಕ್ಕ. ಅಲ್ಲಿ ಕುಡಿಕಿ ಒಡದ್ರ ಆಟ ಮುಗೀತು. ಇಲ್ಲಿ ಕೂಸು ಕೈ ಎತ್ತಿದ್ರೂ ಮುಗಿಯಂಗಿಲ್ಲ. ಎಲ್ಲಾರೂ ನೆಟ್ಟಗ ಇಳೀಬೇಕು. ಇಳಿದ್ರಷ್ಟ ಗೆದ್ದಂಗ."

ಅವರ ಆರು ಅಂತಸ್ತಿನ ಗೋಪುರ ಒಂದೇ ಒಂದು ಸಲ ಮೇಲೇರಿತ್ತು. ಇಳಿಯುವಾಗ ಕುಸಿಯಿತು. "ಮುಂದಿನ ಸಲ ಇಳಸ್ತೀವಿ, ನೋಡ್ತಿರು" ಎಂದಿದ್ದ. ಆ ಮುಂದಿನ ಸಲ ಅವನಿಗೆ ಬರಲಿಲ್ಲ. ನಾನು ಅಲ್ಲಿಗೆ ಹೋದ ವಾರದ ಭಾನುವಾರವೇ ತಂಡ ಮತ್ತೆ ಅದೇ ಗೋಪುರಕ್ಕೆ ಕೈಹಾಕುವುದಿತ್ತು.

ಶುಕ್ರವಾರ ಸಂಜೆ ಚಾಂಗಿ ವಿಮಾನ ನಿಲ್ದಾಣದಲ್ಲಿ ಅನನ್ಯ ಕಾಯುತ್ತಿದ್ದಳು. ತಂದೆತಾಯಿ ಮೈಸೂರಿನವರು, ಹುಡುಗಿ ಬೆಳೆದದ್ದು ಇಲ್ಲೇ, ಕನ್ನಡಕ್ಕೂ ಇಲ್ಲಿನವರ 'ಲಾ' ಸೇರಿಸುತ್ತಾಳೆ. ಚಾಂಗಿ ಬಿಸಿನೆಸ್ ಪಾರ್ಕಿನ ಬ್ಯಾಂಕೊಂದರಲ್ಲಿ ಕೆಲಸ, ಗೋಪುರದಲ್ಲಿ ಮೂರನೇ ಅಂತಸ್ತು.

"ಆಂಟಿ, ಬ್ಯಾಗ್ ಕೊಡಿ ಲಾ. ಇಷ್ಟೊಂದು ವೇಯ್ಟ್, ಏನ್ ತಂದಿದೀರಾ?"

"ರೊಟ್ಟಿ, ಶೇಂಗಾ ಚಟ್ನಿ."

"ಸೂಪರ್. ವಿಠ್ಠಲ್ ಅಂಕಲ್ ಆ ಚಟ್ನಿ ಒಂದಿನನೂ ಶೇರ್ ಮಾಡ್ತಿರ್ಲಿಲ್ಲ. ಫುಲ್ ಕಂಜೂಸ್."

ಎಂಟು ತಿಂಗಳಿಂದ ಯಾರೂ ಅವನನ್ನು ಬೈದಿರಲಿಲ್ಲ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನನಗೆ ನಗು ಬಂತು, ನಕ್ಕೆ.

ಶನಿವಾರ ಅವನ ಸಹೋದ್ಯೋಗಿ ಡಿಯೇಗೊ ನನ್ನನ್ನು ಪಾಸಿರ್ ಪಂಜಾಂಗಿಗೆ ಕರೆದೊಯ್ದ. ಮೆಕ್ಸಿಕೊ ದೇಶದವನು, ಅಗಲ ಎದೆ, ಮಾತು ಕಡಿಮೆ. ಅವನ ಭಾಷೆ ಸ್ಪ್ಯಾನಿಷ್ ಆದರೂ ಅವನ ಊರಲ್ಲಿ ಈ ಗೋಪುರವಿಲ್ಲವಂತೆ. ಇಲ್ಲಿ ಬಂದು ಕಲಿತು, ವಿಠ್ಠಲನನ್ನೂ ಎಳೆದುಕೊಂಡು ಹೋಗಿದ್ದ. ವಿಠ್ಠಲ ಕೊನೆಯ ಸಲ ಕೂತ ಬಸ್ ನಿಲ್ದಾಣದ ಬೆಂಚು ಸಾಮಾನ್ಯವಾದದ್ದು. ಎದುರಿಗೆ ಬಣ್ಣಬಣ್ಣದ ಕಂಟೇನರುಗಳು, ಅವನ್ನೆತ್ತುವ ಕ್ರೇನುಗಳು. ಬೆವರು ಸುರಿಯುವ ಸೆಕೆ. ಪಾಳಿಯವರು ಬಂದರು, ಬಸ್ಸು ಹತ್ತಿದರು. ನಾವಿಬ್ಬರೂ ಕೂತೇ ಇದ್ದೆವು. ಏಳುವಾಗ ಡಿಯೇಗೊ, "ಆತು, ನಡಿ" ಎಂದ. ನಾನು ಬೆಚ್ಚಿ ನೋಡಿದೆ. ಪಾಳಿ ಮುಗಿದಾಗ ವಿಠ್ಠಲ ದಿನಾ ಹೀಗೆ ಹೇಳುತ್ತಿದ್ದನಂತೆ. ಡಿಯೇಗೊಗೆ ಬರುವ ಕನ್ನಡ ಅಷ್ಟೇ.

ಭಾನುವಾರ ಬೆಳಿಗ್ಗೆ ಎಂಆರ್‌ಟಿ ರೈಲು ಹಿಡಿದು ಉತ್ತರದ ತುದಿಯ ಸೆಂಬವಾಂಗಿಗೆ ಹೋದೆವು. ವಸತಿ ಕಟ್ಟಡಗಳ ನಡುವಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ತಂಡ ಸೇರಿತ್ತು. ಸ್ಪೇನಿನವರು, ದಕ್ಷಿಣ ಅಮೆರಿಕದವರು, ಚೀನೀಯರು, ಮಲಯರು, ತಮಿಳರು. ಕಟ್ಟಡದಡಿ ಗೋಡೆಯಿಲ್ಲದೆ ತೆರೆದಿದ್ದ ವಾಯ್ಡ್ ಡೆಕ್‌ನಲ್ಲಿ ಮುದುಕರು ಚದುರಂಗ ಬಿಟ್ಟು ನೋಡಲು ಕುರ್ಚಿ ತಿರುಗಿಸಿಕೊಂಡಿದ್ದರು.

ತಂಡದ ಮುಖ್ಯಸ್ಥೆ ನೂರಿಯಾ. ಕತಲೋನಿಯಾದವಳು, ಇಲ್ಲಿ ಸ್ಪ್ಯಾನಿಷ್ ಕಲಿಸುತ್ತಾಳೆ. ತುದಿಗೆ ಹತ್ತುವ ಮಾರ್ತಾ ಅವಳ ಏಳು ವರ್ಷದ ಮಗಳು. ನೂರಿಯಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅನನ್ಯ ನನಗೆ ಹೇಳಿದಳು. ಹಿಂದೆ ಅವರ ಸೀಮೆಯಲ್ಲಿ ಊರು ಕಾಯುವ ಸಂತನ ಹಬ್ಬದ ಮೆರವಣಿಗೆಯಲ್ಲಿ ಕುಣಿಯುತ್ತಿದ್ದವರು ಕುಣಿತದ ಕೊನೆಗೆ ಒಬ್ಬರ ಮೇಲೊಬ್ಬರು ನಿಲ್ಲುತ್ತಿದ್ದರಂತೆ. ಬರಬರುತ್ತ ಕುಣಿತ ಬಿಟ್ಟುಹೋಯಿತು, ಗೋಪುರ ಬೆಳೆಯಿತು. ಬಹುಕಾಲ ಅದು ಗಂಡಸರದ್ದೇ ಆಗಿತ್ತು. ನೂರಿಯಾಳ ತಾಯಿಯ ಕಾಲದಲ್ಲಿ ಹೆಂಗಸರು ಸೇರಿದರು. ಆಮೇಲೇ ಗೋಪುರಗಳು ಇನ್ನಷ್ಟು ಎತ್ತರವಾದವು. ಇದನ್ನು ಹೇಳುವಾಗ ನೂರಿಯಾ ಎದೆ ಸೆಟೆಸಿ ನಿಂತಳು.

ಆಮೇಲೆ ಚೀಲದಿಂದ ವಿಠ್ಠಲನ ನಡುಪಟ್ಟಿ ತೆಗೆದು ನನ್ನ ಕೈಗಿಟ್ಟಳು. ಒಗೆದು ಮಡಿಸಿತ್ತು. ಸೀರೆಯಷ್ಟು ಉದ್ದ. ನಾನು ಬಂದ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ನೂರಿಯಾ ಇನ್ನೂ ನಿಂತೇ ಇದ್ದಳು.

"ಬುಡಕ್ಕೆ ಜನ ಶಾರ್ಟ್ ಇದಾರಂತೆ ಆಂಟಿ. ನೀವು ನಿಲ್ತೀರಾ ಅಂತ ಕೇಳ್ತಿದಾಳೆ."

"ನನಗ ಐವತ್ತೆರಡು. ಮೊಣಕಾಲು ಬ್ಯಾರೆ ನೋವು."

"ಹತ್ತೋದಿಲ್ಲ. ಅಂಕಲ್ ಜಾಗದಲ್ಲಿ ಈಗ ಡಿಯೇಗೊ ನಿಲ್ತಾನೆ. ಅವನ ಬೆನ್ನಿಗೆ ಎದೆ ಒತ್ತಿ, ತಲೆ ಬಗ್ಗಿಸಿ ನಿಲ್ಲೋದಷ್ಟೇ. ಮೇಲೆ ಏನೇ ಆದ್ರೂ ತಲೆ ಎತ್ತಿ ನೋಡೋ ಹಾಗಿಲ್ಲ." ಸ್ವಲ್ಪ ತಡೆದು ಹೇಳಿದಳು, "ಹೋದ ಸಲ ಬಿದ್ವಿ ಅಲ್ವಾ, ನಾನು ಬಿದ್ದಿದ್ದು ವಿಠ್ಠಲ್ ಅಂಕಲ್ ಮೇಲೇನೇ. ಅದಕ್ಕೇ ನಂಗೇನೂ ಆಗ್ಲಿಲ್ಲ."

ನಾನು ಚಪ್ಪಲಿ ಬಿಟ್ಟೆ.

ನಡುಪಟ್ಟಿಯನ್ನು ಒಬ್ಬರೇ ಸುತ್ತಿಕೊಳ್ಳಲು ಆಗುವುದಿಲ್ಲ. ಅನನ್ಯ ದೂರ ನಿಂತು ಒಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿದಳು. ನಾನು ಇನ್ನೊಂದು ತುದಿಯನ್ನು ಹೊಟ್ಟೆಗೊತ್ತಿ, ಬುಗುರಿಯ ಹಾಗೆ ಸುತ್ತುತ್ತ ಅವಳ ಕಡೆ ಹೋದೆ. ಚೂಡಿದಾರದ ಮೇಲೆ ತಮ್ಮನ ಪಟ್ಟಿ ನಡುವನ್ನು ಬಿಗಿಯಿತು. ಬೆನ್ನು ತಾನಾಗಿ ನೆಟ್ಟಗಾಯಿತು.

ಡಿಯೇಗೊ ಶಿಲುಬೆಯ ಗುರುತು ಮಾಡಿಕೊಂಡ. ನಾನು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಜನ ಸುತ್ತಲಿಂದ ಒತ್ತಿಕೊಂಡರು. ಮೊದಲ ಸಲ ಮೂರನೇ ಅಂತಸ್ತು ನಡುಗಿತೆಂದು ನೂರಿಯಾ ಅಲ್ಲಿಗೇ ನಿಲ್ಲಿಸಿ ಎಲ್ಲರನ್ನೂ ಇಳಿಸಿದಳು. ನೀರು ಕುಡಿದೆವು. ಮೋಡ ಕಟ್ಟುತ್ತಿತ್ತು. ಮಳೆ ಬಂದರೆ ನೆಲ ಜಾರುತ್ತದೆ, ಆಮೇಲೆ ಈ ವರ್ಷ ಗೋಪುರ ಇಲ್ಲ ಎಂದರು. ಮತ್ತೆ ನಿಂತೆವು.

ಬುಡದಲ್ಲಿ ನಿಂತವರಿಗೆ ಕಾಣುವುದು ಎದುರಿನವರ ಬೆನ್ನು ಮಾತ್ರ. ಮೇಲಿನ ಸುದ್ದಿ ತಿಳಿಯುವುದು ಓಲಗದಿಂದ. ಅವರದು ನಮ್ಮ ಓಲಗದಂಥದ್ದೇ ಗಿಡ್ಡ ವಾದ್ಯ, ಜೊತೆಗೆ ಚಿಕ್ಕ ಡೋಲು. ಏರುವಾಗ ಒಂದು ಧಾಟಿ, ಮಗು ಕೈ ಎತ್ತಿದೊಡನೆ ಬೇರೆ ಧಾಟಿ, ಎಲ್ಲರೂ ಇಳಿದಾಗ ಮುಕ್ತಾಯ. ವಿಠ್ಠಲ ಫೋನು ಮಾಡಿದಾಗ ಅವನ ಮಾತಿನ ಹಿಂದೆ ಕೇಳುತ್ತಿದ್ದ ಸದ್ದು ಇದೇ. ಯಾರದೋ ಮದುವೆಗೆ ಹೋಗಿದ್ದಾನೆ ಎಂದುಕೊಳ್ಳುತ್ತಿದ್ದೆ.

ಓಲಗ ಶುರುವಾಯಿತು. ಡಿಯೇಗೊನ ಬೆನ್ನು ಕಲ್ಲಾಯಿತು. ಯಾರದೋ ಪಾದ ನನ್ನ ಹೆಗಲನ್ನು ಮೆಟ್ಟಿ ಮೇಲೆ ಹೋಯಿತು. ಆಮೇಲೆ ಇನ್ನೊಂದು, ಹಗುರವಾದ ಪುಟ್ಟ ಪಾದ. ಮಾರ್ತಾಳದು. ಧಾಟಿ ಬದಲಾಯಿತು. ಅಂಗಳದ ತುಂಬ ಚಪ್ಪಾಳೆ. ನಾನು ತಲೆ ಎತ್ತಲಿಲ್ಲ. ಕಳೆದ ಸಲವೂ ಇಷ್ಟರವರೆಗೆ ಬಂದಿತ್ತು.

ಇಳಿಯುವಾಗ ಭಾರ ಕಡಿಮೆಯಾಗಬೇಕು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಡಿಯೇಗೊ ನಡುಗತೊಡಗಿದ. ಆ ನಡುಕ ನನ್ನ ಎದೆಗೆ, ಹಲ್ಲಿಗೆ ಬಂತು. ಹೊರಗಿನಿಂದ ನೂರಿಯಾಳ ಧ್ವನಿ ಅವಳ ಕತಲಾನ್ ಭಾಷೆಯಲ್ಲಿ ಏನೋ ಕೂಗುತ್ತಿತ್ತು. ನನಗೆ ತಿಳಿದದ್ದು ಒಂದೇ, ಒತ್ತಬೇಕು. ಎಂಟು ತಿಂಗಳಿಂದ ಎಲ್ಲಿಡಬೇಕೆಂದು ಗೊತ್ತಾಗದಿದ್ದದ್ದನ್ನೆಲ್ಲ ಆ ಬೆನ್ನಿಗಿಟ್ಟು ಒತ್ತಿದೆ. ನನ್ನ ಹಿಂದಿನವರು ನನ್ನನ್ನು ಒತ್ತಿದರು. ಪುಟ್ಟ ಪಾದ ಇಳಿಯಿತು. ದೊಡ್ಡ ಪಾದಗಳು ಇಳಿದವು. ಅನನ್ಯಳದಿರಬೇಕು, ಒಂದು ಕೈ ನನ್ನ ತಲೆ ಹಿಡಿದು ಜಾರಿತು. ಓಲಗ ಒಂದು ಉದ್ದ ಸ್ವರ ಎಳೆದು ನಿಂತಿತು.

ಗೋಪುರ ಇಳಿದಿತ್ತು.

ಡಿಯೇಗೊ ತಿರುಗಿದ. ಮುಖವೆಲ್ಲ ಒದ್ದೆ. "ಆತು" ಎಂದ.

"ಆತು" ಎಂದೆ.

ನೂರಿಯಾ ನನ್ನನ್ನು ನೆಲದಿಂದೆತ್ತಿ ತಿರುಗಿಸಿದಳು. ವಾಯ್ಡ್ ಡೆಕ್‌ನ ಮುದುಕರು ಕುರ್ಚಿ ಬಡಿಯುತ್ತಿದ್ದರು. ಆಗ ಮಳೆ ಸುರಿಯಿತು, ಯಾರೂ ಓಡಲಿಲ್ಲ. ಮಧ್ಯಾಹ್ನ ಟೊಮೆಟೊ ಉಜ್ಜಿ ಎಣ್ಣೆ ಹಾಕಿದ ಅವರ ಬ್ರೆಡ್ಡು, ನನ್ನ ರೊಟ್ಟಿ, ಶೇಂಗಾ ಚಟ್ನಿ. ಚಟ್ನಿಯ ಡಬ್ಬಿಯನ್ನು ಅನನ್ಯ ತನ್ನ ಮಡಿಲಲ್ಲೇ ಇಟ್ಟುಕೊಂಡಳು.

"ಕಂಜೂಸ್" ಎಂದೆ.

"ಟೀಮ್ ಟ್ರೆಡಿಷನ್ ಆಂಟಿ, ಏನ್ ಮಾಡೋದು."

ಸೋಮವಾರ ಚಾಂಗಿಯ ತಪಾಸಣೆಯಲ್ಲಿ ಮಲಯ ಹೆಂಗಸೊಬ್ಬಳು ನನ್ನ ಚೀಲ ತೆರೆದಳು. ನಡುಪಟ್ಟಿ ಎಳೆದಳು, ಎಳೆದಳು, ಅದು ಮುಗಿಯಲೇ ಇಲ್ಲ. ಇಷ್ಟುದ್ದದ ಬಟ್ಟೆ ಯಾತಕ್ಕೆ ಆಂಟಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಎತ್ತರದಿಂದ ಇಳಿಯೋದಕ್ಕೆ ಎಂದೆ. ಅವಳಿಗೆ ಅರ್ಥವಾಗಿರಲಾರದು. ನಕ್ಕು ವಾಪಸು ಕೊಟ್ಟಳು. ಚೀಲದಲ್ಲಿ ತುರುಕಲು ಮನಸ್ಸಾಗಲಿಲ್ಲ. ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ಹಿಡಿ ಎಂದು ಸನ್ನೆ ಮಾಡಿದೆ. ಹಿಂದಿನ ಸಾಲು ಕಾಯುತ್ತಿತ್ತು. ಅವಳು ಎರಡು ಹೆಜ್ಜೆ ಹಿಂದೆ ಸರಿದು ಹಿಡಿದಳು, ಬಿಗಿಯಾಗಿಯೇ ಹಿಡಿದಳು. ನಾನು ಸುತ್ತಿಕೊಳ್ಳುತ್ತ ಅವಳ ಕಡೆ ಹೋದೆ.